ವಿದ್ಯಾ ಗಿಡ ಮರಿ ಹಾಕುತ್ತದೆಯೇ?

ವಿಷಯ

ನಾವು ಸಾಲಿ ಕಲಿಯುವಾಗ ಪುಸ್ತಕದ ಹಾಳೆಗಳ ನಡುವೆ ಎರಡು ಸಾಮಾನು ಇದ್ದೇ ಇರುತ್ತಿದ್ದವು. ಒಂದು ನವಿಲುಗರಿ, ಅದು ಮರಿ ಹಾಕುತ್ತದೆಂದು ಕಾಯುತ್ತಿದ್ದೆವು. ಇನ್ನೊಂದು ವಿದ್ಯಾ ಗಿಡದ ಎಲೆ. ಇಟ್ಟುಕೊಂಡರೆ ವಿದ್ಯೆ ತಲೆಗೆ ಹತ್ತುತ್ತದೆಂದು ನಂಬಿದ್ದೆವು. ಗರಿ ಮರಿ ಹಾಕಲಿಲ್ಲ. ವಿದ್ಯೆ ಎಷ್ಟು ಹತ್ತಿತೆಂಬುದನ್ನು ಈ ಬರಹ ಓದಿದವರೇ ಹೇಳಬೇಕು. ಆ ಎಲೆಯ ಗಿಡ ಮಾತ್ರ ಇವತ್ತಿಗೂ ನಮ್ಮ ವಿಜಯಪುರ ಜಿಲ್ಲೆಯ ಅರಕೇರಿಯ ಕಡೆ ಸಾಲಿಯ ಧ್ವಜದ ಕಟ್ಟೆಯ ಪಕ್ಕ, ಹೊಸ ಮನೆಗಳ ಗೇಟಿನ ಆಚೀಚೆ ಜೋಡಿಯಾಗಿ ನಿಂತಿರುತ್ತದೆ. ಹಿಂದಿಯವರು ಅದಕ್ಕಿಟ್ಟ ಹೆಸರು ಮೋರ್‌ಪಂಖಿ. ಅಂದರೆ ನವಿಲುಗರಿಯೇ.

ಒಂದು ಟೊಂಗೆ ಮುರಿದು ಅಂಗೈ ಮೇಲಿಟ್ಟು ನೋಡಿ. ಇಸ್ತ್ರಿ ಮಾಡಿದ ಹಾಗೆ ಚಪ್ಪಟೆ. ನಾವು ಎಲೆಯೆಂದು ಪುಸ್ತಕದಲ್ಲಿ ಇಡುತ್ತಿದ್ದದ್ದು ಎಲೆಯಲ್ಲ, ಟೊಂಗೆ. ನಿಜವಾದ ಎಲೆಗಳು ಅದರ ಮೈಗೆ ನಾಲ್ಕು ಸಾಲಿನಲ್ಲಿ, ಹಾವಿನ ಮೈಯ ಹುರುಪೆಯಂತೆ, ಒತ್ತಿ ಅಂಟಿಕೊಂಡಿವೆ. ಉಗುರಿನಿಂದ ಕೆರೆದರೆ ರಾಳದ ವಾಸನೆ ಬರುತ್ತದೆ. ಗಿಡದ ಮೇಲೆ ಈ ಚಪ್ಪಟೆ ಟೊಂಗೆಗಳು ಅಡ್ಡ ಮಲಗುವುದಿಲ್ಲ. ಕಪಾಟಿನಲ್ಲಿ ಪುಸ್ತಕ ಜೋಡಿಸಿದ ಹಾಗೆ ನೆಟ್ಟಗೆ ನಿಲ್ಲುತ್ತವೆ. ವಿದ್ಯೆಯ ಹೆಸರು ಬಂದದ್ದು ಅದಕ್ಕೇ ಇರಬಹುದೆಂದು ನನ್ನ ಊಹೆ. ನಡುವೆ ಹೆಬ್ಬೆರಳ ತುದಿಯಷ್ಟು ಕಾಯಿ, ಹಸಿರಿನ ಮೇಲೆ ನೀಲಿ ಬೂದಿ ಬಳಿದಂಥ ಬಣ್ಣ, ಮೈಮೇಲೆ ಆರೋ ಎಂಟೋ ಬಾಗಿದ ಕೊಂಬು. ಸಸ್ಯಶಾಸ್ತ್ರದ ಮಾತಿನಲ್ಲಿ ಅದು ಕಾಯಿಯಲ್ಲ, ಶಂಕು. ಒಣಗಿದ ಮೇಲೆ ಕಟ್ಟಿಗೆಯ ಹೂವಿನಂತೆ ಬಿರಿಯುತ್ತದೆ. ಒಳಗೆ ಗೋಧಿಕಾಳಿನಷ್ಟು ಬೀಜ, ಅದಕ್ಕೆ ರೆಕ್ಕೆ ಇಲ್ಲ. ಈ ರೆಕ್ಕೆಯ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಲಿನೇಯಸ್ 1753ರಲ್ಲಿ ಇದನ್ನು ಥೂಜಾ ಎಂಬ ಕುಲಕ್ಕೆ ಸೇರಿಸಿದ. ಥೂಜಾಗಳ ಬೀಜಕ್ಕೆ ರೆಕ್ಕೆ ಉಂಟು, ಇದಕ್ಕೆ ಇಲ್ಲ. ಹೆಸರಿನ ವ್ಯಾಜ್ಯ ಬಹಳ ಕಾಲ ನಡೆದು, 1949ರಲ್ಲಿ ಪೋರ್ಚುಗಲ್ಲಿನ ಸಸ್ಯಶಾಸ್ತ್ರಿ ಫ್ರಾಂಕೊ ಈಗಿನ ಹೆಸರು ಕೊಟ್ಟ: ಪ್ಲಾಟಿಕ್ಲಾಡಸ್ ಓರಿಯೆಂಟಾಲಿಸ್. ನಮ್ಮ ನರ್ಸರಿಯವರಿಗೆ ಈ ತೀರ್ಪು ಇನ್ನೂ ಮುಟ್ಟಿಲ್ಲ, ಅವರು ತೂಜಾ ಎಂದೇ ಮಾರುತ್ತಾರೆ. ಗಿಡದ ತವರು ಉತ್ತರ ಚೀನಾ, ಕೊರಿಯಾ, ರಷ್ಯಾದ ಪೂರ್ವದ ಅಂಚು. ಅಲ್ಲಿ ಒಣ ಬೆಟ್ಟದ ಕಲ್ಲುಸೆರೆಗಳಲ್ಲಿ ತಾನೇ ಹುಟ್ಟುತ್ತದೆ, ಸಾವಿರ ವರ್ಷ ಬಾಳಬಲ್ಲದು. ಬೀಜಿಂಗಿನ ಹಳೆಯ ಗುಡಿಗಳ ಅಂಗಳದಲ್ಲಿ ಇದರ ಶತಮಾನಗಳ ಮುದುಕರು ನಿಂತಿದ್ದಾರೆ. ಆ ನಗರ 1987ರಲ್ಲಿ ಇದನ್ನು ತನ್ನ ನಗರವೃಕ್ಷಗಳಲ್ಲಿ ಒಂದಾಗಿ ಆರಿಸಿಕೊಂಡಿತು.

ಸಂಶಯ

ಹಾಗಾದರೆ ಅರಕೇರಿ ಈ ಗಿಡದ ನೆಲೆಯೇ, ಅಲ್ಲವೇ?

ವಾದಕ್ಕಿಳಿಯುವ ಮೊದಲು ಮಾತುಗಳನ್ನು ಹಸನು ಮಾಡಿಕೊಳ್ಳಬೇಕು. ನಮ್ಮ ಕಡೆ ಬೇವಿನ ಗಿಡ, ಹುಣಸಿ ಗಿಡ, ಆಲದ ಗಿಡ. ಎಷ್ಟು ದೊಡ್ಡದಾದರೂ ಗಿಡವೇ. ‘ಮರ’ ಎಂದರೆ ಅವ್ವ ಜೋಳ ಕೇರುವ ಸಾಧನ. ಬೆಂಗಳೂರಿನವರು ನಗುತ್ತಾರೆ, ನಗಲಿ. ಇನ್ನು ನೆಲೆ. ಗಿಡ ನಿಂತ ಜಾಗವೆಲ್ಲ ನೆಲೆಯಲ್ಲ. ನಿಂತ ಗಿಡ ಸತ್ತರೆ ಯಾರ ಕೈಯೂ ಇಲ್ಲದೆ ಅದರ ಸಂತಾನವನ್ನು ಮತ್ತೆ ಎಬ್ಬಿಸುವ ಜಾಗವೇ ನೆಲೆ. ನಾನು ಹಿಡಿಯುವ ಲಕ್ಷಣ ಇದು. ಇದರ ಪ್ರಕಾರ ಅರಕೇರಿ ವಿದ್ಯಾ ಗಿಡಕ್ಕೆ ವಸತಿ, ನೆಲೆಯಲ್ಲ. ಇದಕ್ಕೆ ಆಕ್ಷೇಪ ಎತ್ತುವವರು ಬಹಳ. ಅವರಲ್ಲಿ ಕೆಲವರು ನನ್ನ ಜೊತೆಯಲ್ಲೇ ದಿನಾ ಚಹಾ ಕುಡಿಯುವವರು.

ಪೂರ್ವಪಕ್ಷಗಳು

ಮೊದಲನೆಯವನು ಬುಡವನ್ನೇ ಅಲುಗಿಸುತ್ತಾನೆ. ‘ಶಂಕು ಬಿಡುವ ಗಿಡಕ್ಕೆ ನಮ್ಮ ನಾಡು ಹೊಸದೇನಲ್ಲ. ಸರ್ವೆ ಗಿಡ ಇಲ್ಲವೇ? ಅದಕ್ಕೂ ಸೂಜಿ ಎಲೆ, ಅದಕ್ಕೂ ಶಂಕು.’

ಸರ್ವೆಯ ಒಂದು ಸೂಜಿ ಕಿತ್ತು ಬೆಳಕಿಗೆ ಹಿಡಿದರೆ ಸಾಕು. ಮೈತುಂಬ ಗಣ್ಣು. ಹುಡುಗರು ಒಂದು ಗಣ್ಣನ್ನು ಎಳೆದು ಬಿಡಿಸಿ, ಮತ್ತೆ ಕೂಡಿಸಿ, ‘ಎಲ್ಲಿ ಮುರದೀನಿ ಹೇಳು’ ಎಂದು ಪಣ ಕಟ್ಟುತ್ತಾರೆ. ಆ ಸೂಜಿ ಎಲೆಯಲ್ಲ, ಹಸಿರು ಕಡ್ಡಿ. ಎಲೆಗಳು ಪ್ರತಿ ಗಣ್ಣಿನ ಸುತ್ತ ಹಲ್ಲಿನಂತೆ ಕೂತ ಚೂರುಗಳು. ಸರ್ವೆ ಹೂ ಬಿಡುವ ಗಿಡ. ಅದರ ಶಂಕು ಶಂಕುವಿನ ವೇಷ ಹಾಕಿದ ಕಾಯಿಗೊಂಚಲು. ಅದರ ಮೂಲ ಆಸ್ಟ್ರೇಲಿಯಾ ಮತ್ತು ಆಗ್ನೇಯ ಏಷ್ಯಾದ ಕಡಲತೀರ. ನಮ್ಮ ಕಾರವಾರದ ಮರಳಿನಲ್ಲಿ ಸರ್ವೆ ನೆಡುವ ಕೆಲಸ ಹತ್ತೊಂಬತ್ತನೆಯ ಶತಮಾನದಲ್ಲೇ ಶುರುವಾಯಿತು.

ಹೆಸರಿನ ಕತೆ ಇನ್ನೂ ಸೊಗಸು. ಪಾರಸಿಯಲ್ಲಿ ‘ಸರ್ವ್’ ಎಂದರೆ ಸೈಪ್ರೆಸ್; ಅದು ನಿಜವಾದ ಶಂಕುಗಿಡ, ನಮ್ಮ ವಿದ್ಯಾ ಗಿಡದ ಮನೆತನದ್ದೇ. ಪಾರಸಿ ಕವಿಗಳಿಗೆ ಪ್ರಿಯೆಯ ನಿಲುವೆಂದರೆ ಸರ್ವ್. ಇರಾನಿನ ಅಬರ್‌ಕೂಹ್ ಊರಿನ ಸರ್ವ್ ನಾಲ್ಕು ಸಾವಿರ ವರ್ಷದ್ದೆಂದು ಅಲ್ಲಿನವರು ಹೆಮ್ಮೆ ಪಡುತ್ತಾರೆ. ಆದಿಲಶಾಹಿಗಳ ಕಾಲಕ್ಕೆ ವಿಜಾಪುರದ ದರಬಾರು ಪಾರಸಿ ಬಲ್ಲ ಪಂಡಿತರಿಂದ, ಕವಿಗಳಿಂದ, ಚಿತ್ರಗಾರರಿಂದ ತುಂಬಿತ್ತು. ಗಿಡ ಬರುವ ಮೊದಲೇ ಅದರ ಉಪಮೆ ಬಂತು. ಆಮೇಲೆ ಎತ್ತರಕ್ಕೆ, ತೆಳ್ಳಗೆ, ಗಾಳಿಗೆ ತೂಗುವ ಇನ್ನೊಂದು ಗಿಡ ಬಂದಾಗ ಆ ಹೆಸರು ಅದರ ಮೇಲೆ ಕೂತಿತು. ಮರಾಠಿಯ ‘ಸುರು’ ಆ ‘ಸರ್ವ್’ನ ಮಗ. ನಮ್ಮ ‘ಸರ್ವೆ’ ಸುರುವಿನ ತಮ್ಮನೆಂದು ಕಿವಿಯೇ ಸಾಕ್ಷಿ ಹೇಳುತ್ತದೆ. ಹೀಗೆ ಶಂಕುಗಿಡದ ಹೆಸರು ಶಂಕುಗಿಡವಲ್ಲದ್ದಕ್ಕೆ ಬಂತು. ಹೆಸರು ಬೇರೂರಿದ ಮಾತ್ರಕ್ಕೆ ಗಿಡ ಬೇರೂರುವುದಿಲ್ಲ. ಆಕ್ಷೇಪ ಇಲ್ಲಿಗೆ ಬಿತ್ತು.

ಎರಡನೆಯವನು ಅಂಕಿಸಂಖ್ಯೆ ಹಿಡಿದು ಬರುತ್ತಾನೆ. ಇವನ ವಾದಕ್ಕೆ ತೂಕವಿದೆ. ‘ಬೀಜಿಂಗಿನಲ್ಲಿ ವರ್ಷಕ್ಕೆ ಮಳೆ ಎಷ್ಟು? 500ರಿಂದ 600 ಮಿಲಿಮೀಟರ್. ವಿಜಯಪುರದಲ್ಲಿ? ಅಷ್ಟೇ. ಅಲ್ಲಿನಂತೆ ಇಲ್ಲಿಯೂ ಮಳೆಯ ದೊಡ್ಡ ಪಾಲು ಮುಂಗಾರಿನದು. ಅಲ್ಲಿ ಸುಣ್ಣದ ಮಣ್ಣು, ನಮ್ಮ ಎರೆಯಲ್ಲೂ ಸುಣ್ಣದ ಹರಳು. ಗಿಡ ಬದುಕಿದೆ, ಹಸಿರಾಗಿದೆ, ಕಾಯಿ ಬಿಡುತ್ತಿದೆ. ಇನ್ನೇನು ಬೇಕು?’

ಮಳೆಯ ಲೆಕ್ಕ ಒಪ್ಪಿದೆ. ಚಳಿಯ ಲೆಕ್ಕ ಎಲ್ಲಿ? ಬೀಜಿಂಗಿನ ಜನವರಿಯ ಸರಾಸರಿ ಸೊನ್ನೆಗಿಂತ ಕೆಳಗೆ. ನಮ್ಮ ಜನವರಿಯಲ್ಲಿ ಬೆಳಗಿನ ಹೊತ್ತು ಶಾಲು ಹೊದ್ದರೆ ಹತ್ತು ಗಂಟೆಗೆ ತೆಗೆದಿಡುತ್ತೇವೆ. ಮೇ ತಿಂಗಳ 42 ಡಿಗ್ರಿಯ ಮಾತಂತೂ ಬೇಡ. ತವರಿನ ಚಳಿಯಲ್ಲಿ ಈ ಗಿಡದ ಹಸಿರು ಕಂದಿ ಕಂಚಿನ ಬಣ್ಣಕ್ಕೆ ಇಳಿಯುತ್ತದೆ. ಅದು ರೋಗವಲ್ಲ, ವಿಶ್ರಾಂತಿ. ಅರಕೇರಿಯಲ್ಲಿ ಅದಕ್ಕೆ ಕಂಚಾಗುವ ಸರದಿ ಬರುವುದೇ ಇಲ್ಲ, ವರ್ಷವಿಡೀ ಹಸಿರು. ನಿತ್ಯಹಸಿರು ಎಂಬ ಬಿರುದಿಗೆ ತವರಿಗಿಂತ ಇಲ್ಲಿಯೇ ಹೆಚ್ಚು ಯೋಗ್ಯವಾಗಿ ಕಾಣುವ ಗಿಡಕ್ಕೆ ಇಲ್ಲಿ ನೆಲೆ ಇಲ್ಲವೆನ್ನುವುದು ವಿಚಿತ್ರವೆನಿಸಬಹುದು. ಆದರೆ ಬೀಗರ ಮನೆಯಲ್ಲಿ ಎದ್ದೂ ಬಿದ್ದೂ ನಗುವವನು ಮನೆಯವನಾಗುವುದಿಲ್ಲವಷ್ಟೆ.

ಕಾಯಿ ಬಿಡುತ್ತದೆ, ನಿಜ. ನಾನು ಅದನ್ನು ಕಣ್ಣಾರೆ ನೋಡಿದ್ದೇನೆ. ಬಿರಿದ ಶಂಕುಗಳಿಂದ ಬೀಜ ಆರಿಸಿ, ಒಡೆದ ಕುಂಡವೊಂದರಲ್ಲಿ ಮರಳು-ಗೊಬ್ಬರ ಹಾಕಿ ಊರಿ, ದಿನಾ ನೀರು ಚಿಮುಕಿಸಿ, ನೆರಳಿಗಿಟ್ಟೆ. ಕೆಲವು ಮೊಳೆತವು. ಆ ಸಸಿಯ ಮೊದಲ ಎಲೆಗಳು ಹುರುಪೆಯಂತಲ್ಲ, ಮೆತ್ತನೆಯ ಸಣ್ಣ ಸೂಜಿಗಳು. ನೋಡಿದವರು ಸಬ್ಬಸಿಗೆ ಸೊಪ್ಪೆಂದರು. ಅಂದರೆ ಬೀಜದಲ್ಲಿ ಜೀವವಿದೆ. ಅದೇ ಗಿಡದ ಬುಡದಲ್ಲಿ ಮಳೆಗಾಲ ಮುಗಿಯುವವರೆಗೆ ಹುಡುಕಿದರೂ ಒಂದು ಸಸಿ ಸಿಗಲಿಲ್ಲ. ರೆಕ್ಕೆ ಇಲ್ಲದ ಬೀಜವನ್ನು ಗಾಳಿ ಒಯ್ಯದು. ಅದು ಉರುಳಬೇಕು, ಇಲ್ಲವೇ ಇಲಿಯೋ ಹಕ್ಕಿಯೋ ಹೊರಬೇಕು. ತವರಿನ ಬೆಟ್ಟದಲ್ಲಿ ಇಳಿಜಾರಿದೆ, ಕಲ್ಲಿನ ಸಂದಿಯಿದೆ, ಸಂದಿಯಲ್ಲಿ ತಂಪಿದೆ. ಇಲ್ಲಿ ಬುಡಕ್ಕೆ ಬಿದ್ದದ್ದು ಎರೆಯ ಮೇಲೆ ಬೀಳುತ್ತದೆ. ಎರೆ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕೈ ಹೋಗುವಷ್ಟು ಬಿರಿಯುತ್ತದೆ. ಎಳೆ ಬೇರನ್ನು ಎರಡೂ ಕಡೆಯಿಂದ ಜಗ್ಗುತ್ತದೆ. ಕುಂಡದ ಸಸಿ ನನ್ನ ಕೈಯ ಸಂತಾನ, ಅರಕೇರಿಯ ಸಂತಾನವಲ್ಲ.

ಮೂರನೆಯವನು ಭೂಗರ್ಭಕ್ಕೇ ಇಳಿಯುತ್ತಾನೆ. ‘ನಮ್ಮ ಕಾಲಡಿಯ ಕರಿಕಲ್ಲು ಡೆಕ್ಕನ್ ಟ್ರ್ಯಾಪ್. ಆ ಲಾವಾ ಹರಿವುಗಳ ನಡುನಡುವೆ ಸಿಕ್ಕ ಕೆಸರಿನ ಪದರಗಳಲ್ಲಿ ಶಂಕುಗಿಡಗಳ ಪಳೆಯುಳಿಕೆ ಸಿಕ್ಕಿದೆಯಲ್ಲ! ಅಜ್ಜನ ಮನೆಗೆ ಮೊಮ್ಮಗ ಬಂದರೆ ಅವನು ಅತಿಥಿಯೇ?’

ಈ ಆಕ್ಷೇಪ ಕೇಳಿ ನನಗೆ ಖುಷಿಯಾಯಿತು, ಯಾಕೆಂದರೆ ಸಂಗತಿ ನಿಜ. ಪಳೆಯುಳಿಕೆ ಸಸ್ಯಗಳ ದೊಡ್ಡ ಪಂಡಿತ ಬೀರಬಲ ಸಾಹ್ನಿ 1931ರಲ್ಲಿ ಭಾರತದ ಹಳೆಯ ಶಂಕುಗಿಡಗಳ ಬಗ್ಗೆ ಬರೆದರು. ಅವರು ಹೆಸರಿಟ್ಟ ಒಂದು ಶಂಕು ‘ತಾಕ್ಲಿಯೋಸ್ಟ್ರೋಬಸ್’. ನಾಗಪುರದ ಹತ್ತಿರದ ತಾಕ್ಲಿ ಎಂಬ ಊರಿನ ಹೆಸರೇ ಅದರಲ್ಲಿದೆ. ಕಾಲ ಸುಮಾರು 6.6 ಕೋಟಿ ವರ್ಷದ ಹಿಂದೆ. ಆಗ ಭಾರತ ಏಷ್ಯಾಕ್ಕೆ ಮುಟ್ಟಿರಲಿಲ್ಲ, ಭೂಮಧ್ಯರೇಖೆಯ ದಕ್ಷಿಣಕ್ಕೆ ಕಡಲ ನಡುವೆ ತೇಲುತ್ತಿತ್ತು. ಹಿಮಾಲಯ ಹುಟ್ಟಿರಲಿಲ್ಲ, ಈಗಿನ ಮುಂಗಾರು ಇರಲಿಲ್ಲ. ಹೆಸರು ಡೆಕ್ಕನ್ನೇ ಆದರೂ ಜಾಗ ಬೇರೆ. ಮೇಲಾಗಿ ಸಿಕ್ಕದ್ದು ನಾಗಪುರ, ಛಿಂದವಾಡಾ ಕಡೆ. ಅದರ ಆಧಾರದ ಮೇಲೆ ಅರಕೇರಿಯ ಉತಾರದಲ್ಲಿ ಹೆಸರು ಸೇರಿಸಲು ಯಾವ ತಲಾಠಿಯೂ ಒಪ್ಪಲಾರ. ಒಂದು ಮಾತನ್ನಂತೂ ಒಪ್ಪಲೇಬೇಕು: ಶಂಕುಗಿಡವೆಂದರೆ ಹಿಮ, ಸೂಜಿ, ಸ್ವಿಟ್ಜರ್ಲೆಂಡ್ ಎಂಬ ಕ್ಯಾಲೆಂಡರ್ ಚಿತ್ರ ಸುಳ್ಳು. ಪಶ್ಚಿಮಘಟ್ಟದ ತೆಂಕಣ ತುದಿಯ ಮಳೆಕಾಡಿನಲ್ಲಿ, ಕೇರಳ-ತಮಿಳುನಾಡುಗಳ ಗಡಿಯಲ್ಲಿ, ನಾಗೇಯಾ ವಾಲಿಚಿಯಾನಾ ಎಂಬ ಶಂಕುಗಿಡ ತಾನಾಗಿ ಬೆಳೆಯುತ್ತದೆ. ಅದರ ಎಲೆ ಸೂಜಿಯಲ್ಲ, ಎರಡು ಬೆರಳಗಲದ ಹಸಿರು ಎಲೆ. ದಕ್ಷಿಣ ಭಾರತಕ್ಕೆ ಸ್ವಂತವಾದ ಶಂಕುಗಿಡ ಅದೊಂದೇ. ಅದಕ್ಕೆ ಅಲ್ಲಿ ನೆಲೆ ಇದೆ.

ನಾಲ್ಕನೆಯವನು ಭಕ್ತ. ‘ಅಮೋಘಸಿದ್ಧನ ಗುಡ್ಡಕ್ಕೆ ಹೋಗಿ ಕರ್ಪೂರ ಹಚ್ಚುತ್ತೀರಿ. ಇವತ್ತಿನ ಕರ್ಪೂರ ಕರ್ಪೂರದ ಗಿಡದ್ದಲ್ಲ. ಪೈನ್ ರಾಳದ ಟರ್ಪಂಟೈನಿನಿಂದ ಕಾರಖಾನೆಯಲ್ಲಿ ಮಾಡಿದ್ದು. ಡೊಳ್ಳು, ಪಲ್ಲಕ್ಕಿ, ಭಂಡಾರದ ನಡುವೆ ದಿನಾ ಶಂಕುಗಿಡ ಉರಿಯುತ್ತಿದೆ.’ ಹೌದು. ಉರಿಯುವುದು ನೆಲೆಯಲ್ಲ. ಮುಂದೆ ಹೋಗೋಣ.

ಐದನೆಯವನು ರೈತ. ಇವನ ಮುಂದೆ ಪುಸ್ತಕದ ಮಾತು ನಡೆಯುವುದಿಲ್ಲ. ‘ನೀರಿಲ್ಲದ ಕಾಲದ ಮಾತು ಈಗ್ಯಾಕ್ರೀ? ಮುಳವಾಡ ಏತ ನೀರಾವರಿ ಬಂತು, ತುಬಚಿ-ಬಬಲೇಶ್ವರ ಬಂತು. ಕೃಷ್ಣಾ ನೀರು ಕೆರಿಗೆ ಬಿತ್ತು. ತಿಕೋಟಾ ಕಡೆ ದ್ರಾಕ್ಷಿ ನೋಡ್ರಿ. ದ್ರಾಕ್ಷಿಗೆ ಇದು ನೆಲಿ ಏನು? ಆದ್ರೂ ಮಣೂಕ ಮಾಡಿ ದೇಶಕ್ಕೆಲ್ಲ ಕಳಸ್ತೀವಿ.’

ಅವನು ತನ್ನ ಉದಾಹರಣೆಯಿಂದಲೇ ನನ್ನ ಪಕ್ಷಕ್ಕೆ ಬಂದುಬಿಟ್ಟ. ದ್ರಾಕ್ಷಿ ತೋಟವನ್ನು ಒಂದೇ ವರ್ಷ ಕೈಬಿಟ್ಟು ನೋಡಲಿ: ಚಾಟಣಿ ಇಲ್ಲ, ಔಷಧ ಇಲ್ಲ, ಡ್ರಿಪ್ ಇಲ್ಲ. ಆಮೇಲೆ ಉಳಿಯುವುದು ಚಪ್ಪರದ ತಂತಿ. ಬೇಸಾಯಕ್ಕೆ ನಾನು ವಿರೋಧಿಯಲ್ಲ. ಬೆಳೆ ಎನ್ನುವುದು ಮನುಷ್ಯ ಮತ್ತು ಗಿಡದ ಒಪ್ಪಂದ. ಒಪ್ಪಂದಕ್ಕೆ ನೆಲೆಯೆಂದು ಹೆಸರಿಡಬೇಡಿ ಎನ್ನುವುದಷ್ಟೇ ನನ್ನ ಮಾತು.

ಆರನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿ. ಇದಕ್ಕೆ ಉತ್ತರ ಹೇಳಲು ನನಗೆ ಬಹಳ ದಿನ ಹಿಡಿಯಿತು. ‘ತಾನಾಗಿ ಹುಟ್ಟಿದರೆ ನೆಲೆ ಎನ್ನುತ್ತೀರಿ. ಬಳ್ಳಾರಿ ಜಾಲಿ ತಾನಾಗಿ ಹುಟ್ಟುತ್ತದೆ. ಹೊಲದ ಬದು, ಹಳ್ಳದ ದಂಡೆ, ಗಾಯರಾಣ, ಎಲ್ಲಿ ಬಿಟ್ಟಿದೆ? ಅಮೆರಿಕ ಖಂಡದಿಂದ ಬಂದ ಗಿಡವದು. ಅದಕ್ಕೆ ನೆಲೆಯ ಪಟ್ಟ ಕೊಟ್ಟು, ಸಾವಿರ ವರ್ಷ ಬಾಳುವ ವಿದ್ಯಾ ಗಿಡಕ್ಕೆ ಅತಿಥಿಯೆನ್ನುವುದು ಯಾವ ನ್ಯಾಯ?’

ಮನಸ್ಸಿಗೆ ಒಗ್ಗದಿದ್ದರೂ ಒಪ್ಪಬೇಕಾದ ಸತ್ಯವಿದು. ಬಳ್ಳಾರಿ ಜಾಲಿಗೆ ಇಲ್ಲಿ ನೆಲೆ ಸಿಕ್ಕಿದೆ. ಕೊಟ್ಟವರು ಆಡುಗಳು, ಸಿಹಿಯಾದ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಬಿತ್ತುತ್ತ ಹೋದವು. ಅದರ ನೆರಳಿನಲ್ಲಿ ಬೇರೆ ಗಿಡಕ್ಕೆ ಕಷ್ಟ. ಊಟಿ, ಕೊಡೈಕೆನಾಲ್ ಗುಡ್ಡಗಳಲ್ಲಿ ನೆಟ್ಟ ಪೈನ್ ಕೂಡ ಹೀಗೆಯೇ ಹುಲ್ಲುಗಾವಲಿಗೆ ತಾನಾಗಿ ಹಬ್ಬುತ್ತಿದೆ. ಸಿನಿಮಾ ಹಾಡಿಗೆ ಚಂದ, ಹುಲ್ಲಿಗೆ ಆಪತ್ತು. ಅದೂ ಶಂಕುಗಿಡವೇ. ಹಾಗಾದರೆ ನನ್ನ ಲಕ್ಷಣದಲ್ಲಿ ಅತಿವ್ಯಾಪ್ತಿ ದೋಷ ಬಂತೇ?

ಬರಲಿಲ್ಲ. ನೆಲೆ ಎನ್ನುವುದು ಹೊಗಳಿಕೆಯೆಂದು ನಾವೇ ತಪ್ಪು ತಿಳಿದಿದ್ದೆವು. ದಬ್ಬಾಳಿಕೆಯಿಂದ ಹಿಡಿದ ಮನೆಯೂ ವಾಸದ ಮನೆಯೇ. ಅದರ ಒಳಿತು ಕೆಡಕಿನ ವಿಚಾರ ಬೇರೆ ಅಧಿಕರಣ. ಹುಣಸೆಯನ್ನೇ ನೋಡಿ. ಅದರ ಮೂಲ ಆಫ್ರಿಕಾ. ಆದರೂ ಇಲ್ಲಿ ತಾನಾಗಿ ಹುಟ್ಟುತ್ತದೆ, ನೆರಳು ಕೊಡುತ್ತದೆ, ಸಾರಿಗೆ ಹುಳಿ ಕೊಡುತ್ತದೆ. ಅದನ್ನು ಪರದೇಶಿ ಎಂದವನಿಗೆ ಅರಕೇರಿಯಲ್ಲಿ ಊಟ ಸಿಗಲಾರದು. ಅದೇ ಆಫ್ರಿಕಾದಿಂದ ಬಂದ ಬಾವೋಬಾಬ್, ನಮ್ಮ ಆನೆಹುಣಸೆ, ವಿಜಯಪುರದಲ್ಲಿ, ಸವಣೂರಿನ ಮಠದಲ್ಲಿ ಶತಮಾನಗಳಿಂದ ನಿಂತಿದೆ. ಸವಣೂರಿನ ಮೂರು ಗಿಡಗಳನ್ನು ನೋಡಲು ಜನ ಬಸ್ಸು ಹತ್ತಿ ಹೋಗುತ್ತಾರೆ. ಮೂರು ಮೂರೇ. ನಾಲ್ಕನೆಯದು ಗೋಡೆಯಾಚೆ ತಾನಾಗಿ ಏಳಲಿಲ್ಲ. ಹುಣಸೆ ಮನೆತನವಾಯಿತು, ಆನೆಹುಣಸೆ ಸ್ಮಾರಕವಾಯಿತು. ಆಯುಷ್ಯ ಬೇರೆ, ನೆಲೆ ಬೇರೆ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ದೃಷ್ಟಾಂತ ನನಗೆ ಸಿಕ್ಕಿಲ್ಲ.

ಏಳನೆಯವನು ಸಮಾಜಸೇವಕ. ‘ಜಿಲ್ಲೆಯಲ್ಲಿ ಕಾಡೆಂಬುದು ಶೇಕಡಾ ಒಂದೂ ಇಲ್ಲ. ಕೋಟಿ ವೃಕ್ಷ ಅಭಿಯಾನದಲ್ಲಿ ಊರೂರು ಸಸಿ ನೆಟ್ಟೆವು. ಇಂಥ ಬರಡು ಸೀಮೆಯಲ್ಲಿ ಹಸಿರು ಯಾವುದಾದರೇನು? ನಿಮ್ಮ ಮೀಮಾಂಸೆಯಿಂದ ನೆರಳು ಬೀಳುತ್ತದೆಯೇ?’ ನೆಡಬೇಡಿ ಎಂದು ನಾನು ಎಲ್ಲಿಯೂ ಹೇಳಿಲ್ಲ. ಗೇಟಿನ ಪಕ್ಕ ಚಂದಕ್ಕೆ ನೆಡಿ, ಮಕ್ಕಳ ಪುಸ್ತಕಕ್ಕೆ ನೆಡಿ. ನೆರಳಿನ ಲೆಕ್ಕಕ್ಕೆ ಮಾತ್ರ ಅದನ್ನು ಹಿಡಿಯಬೇಡಿ. ದೀಪದ ಕುಡಿಯಂತೆ ಮೇಲಕ್ಕೆ ಏಳುವ ಗಿಡದ ಕೆಳಗೆ ಒಂದು ಕೋಳಿಯೂ ಮಧ್ಯಾಹ್ನ ಕಳೆಯಲಾರದು. ಅದಕ್ಕೆ ಬೇವಿದೆ, ಬನ್ನಿಯಿದೆ, ಆಲವಿದೆ.

ಸಿದ್ಧಾಂತ

ಉಳಿದದ್ದು ಒಂದೇ ಪ್ರಶ್ನೆ: ಸಾವಿರ ವರ್ಷದ ಆಯುಷ್ಯ. ಅದು ಗಿಡದ ಗುಣವೋ, ಜಾಗದ ಗುಣವೋ? ಗಿಡದ್ದೇ ಆಗಿದ್ದರೆ ಗಿಡ ಹೋದಲ್ಲೆಲ್ಲ ಆಯುಷ್ಯ ಹಿಂದೆಯೇ ಹೋಗಬೇಕು.

ಅಮೆರಿಕದ ವಿಜ್ಞಾನಿ ಎಡ್ಮಂಡ್ ಶುಲ್ಮನ್ 1954ರಲ್ಲಿ ಒಂದು ಲೇಖನ ಬರೆದ. ಅತ್ಯಂತ ಹಳೆಯ ಶಂಕುಗಿಡಗಳು ಮಣ್ಣು, ನೀರು ಸಮೃದ್ಧವಾಗಿರುವಲ್ಲಿ ಇಲ್ಲ, ಅತಿ ಕಷ್ಟದ ಜಾಗದಲ್ಲಿವೆ ಎಂಬುದು ಅದರ ಸಾರ. ಕ್ಯಾಲಿಫೋರ್ನಿಯಾದ ಬಿಳಿಬೆಟ್ಟಗಳಲ್ಲಿ ಅವನು ಕಂಡ ಬ್ರಿಸಲ್‌ಕೋನ್ ಪೈನುಗಳು ನಾಲ್ಕು ಸಾವಿರ ವರ್ಷ ದಾಟಿದವು. ಪಕ್ಕದ ನೆವಾಡಾದಲ್ಲಿ 1964ರಲ್ಲಿ ಕಡಿದ ಒಂದರಲ್ಲಿ 4,800ಕ್ಕೂ ಹೆಚ್ಚು ಉಂಗುರ ಎಣಿಕೆಗೆ ಸಿಕ್ಕವು. ಎಣಿಸುವುದಕ್ಕಾಗಿಯೇ ಅದನ್ನು ಕಡಿದರು ಎನ್ನುವುದನ್ನು ಹೇಗೆ ಹೇಳಿದರೂ ಹೊಟ್ಟೆ ಉರಿಯುತ್ತದೆ. ಅಲ್ಲಿ ಕೊರೆಯುವ ಚಳಿ, ಒಣಗಾಳಿ, ಬರಿ ಕಲ್ಲು. ಗಿಡ ವರ್ಷಕ್ಕೆ ಕೂದಲೆಳೆಯಷ್ಟು ದಪ್ಪವಾಗುತ್ತದೆ; ಕಟ್ಟಿಗೆ ಬಿಗಿ, ರಾಳ ದಟ್ಟ, ಹುಳ ಕೊರೆಯಲಾರದು, ಅಣಬೆ ಹಿಡಿಯಲಾರದು, ಗಿಡಗಳು ದೂರದೂರ ಇರುವುದರಿಂದ ಬೆಂಕಿ ದಾಟಲಾರದು. ನಮ್ಮದೇ ಹಿಮಾಲಯದ ದೇವದಾರು ಸಮುದ್ರಮಟ್ಟದಿಂದ 1,500–3,200 ಮೀಟರ್ ಎತ್ತರದಲ್ಲಿ ಹೀಗೆಯೇ ಬಾಳುತ್ತದೆ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಅದರ ಕಾಂಡದ ಒಂದು ಅಡ್ಡಸೀಳು ಇಟ್ಟಿದ್ದಾರೆ; ಅದರ ಉಂಗುರಗಳು ಏಳುನೂರು ದಾಟುತ್ತವೆ.

ಅರಕೇರಿಯ ವಿದ್ಯಾ ಗಿಡಕ್ಕೆ ಕಷ್ಟವಿಲ್ಲವೇ? ಇದೆ. ಆದರೆ ಅದರದಲ್ಲದ ಕಷ್ಟ. ತನ್ನ ಕಷ್ಟಕ್ಕೆ ಉತ್ತರವನ್ನು ಗಿಡ ಲಕ್ಷಾಂತರ ವರ್ಷಗಳಲ್ಲಿ ಮೈಯಲ್ಲಿ ಬರೆದುಕೊಂಡಿರುತ್ತದೆ: ಚಳಿಗೆ ಕಂಚಾಗುವುದು, ಕಲ್ಲುಸೆರೆಗೆ ಬೇರಿಳಿಸುವುದು, ನಿಧಾನವಾಗಿ ಬೆಳೆಯುವುದು. ಇಲ್ಲಿ ಕೇಳುವ ಪ್ರಶ್ನೆಗಳೇ ಬೇರೆ. ದಿನಾ ಪೈಪಿನ ನೀರು ಕುಡಿದು ಬೇಗ ಬೇಗ ಬೆಳೆಯುತ್ತದೆ, ಒಳಗಿನ ಟೊಂಗೆಗಳು ಒಣಗಿ ಕಂದಾಗುತ್ತವೆ, ಹೊರಗೆ ಹಸಿರು ಚಿಪ್ಪು ಮಾತ್ರ ಉಳಿಯುತ್ತದೆ. ನಮ್ಮ ಸುತ್ತಮುತ್ತ ನೂರು ವರ್ಷ ಕಂಡ ವಿದ್ಯಾ ಗಿಡವನ್ನು ನಾನು ನೋಡಿಲ್ಲ. ನೂರು ಕಂಡ ಬೇವು, ಹುಣಸೆ, ಆಲಗಳನ್ನು ಎಷ್ಟೋ ನೋಡಿದ್ದೇನೆ. ದೀರ್ಘಾಯುಷ್ಯ ಬೀಜದೊಳಗಿನ ಆಸ್ತಿಯಲ್ಲ, ಬೀಜ ಮತ್ತು ನೆಲದ ನಡುವಿನ ಸಾಲಪತ್ರ. ಅದರ ಸಾಕ್ಷಿಗಳು ಚೀನಾದ ಬೆಟ್ಟದಲ್ಲಿದ್ದಾರೆ.

ನಾನು ಹೇಳುತ್ತಿದ್ದ ಸಾಲಿಯಲ್ಲಿ ಧ್ವಜದ ಕಟ್ಟೆಗೆ ಎರಡು ವಿದ್ಯಾ ಗಿಡಗಳಿದ್ದವು. ಹಿಂದಿನ ಬೇಸಿಗೆಯಲ್ಲಿ ಬಲಗಡೆಯದು ತುದಿಯಿಂದ ಬುಡದವರೆಗೆ ಕಂದಾಯಿತು. ತವರಿನ ಕಂಚಲ್ಲ, ಒಣಗಿದ ಕಂದು. ಮಳೆ ಬಂದ ಮೇಲೆ ಟಂಟಂನಲ್ಲಿ ನರ್ಸರಿಯಿಂದ ಇನ್ನೊಂದು ಬಂತು, ಪ್ಲಾಸ್ಟಿಕ್ ಚೀಲದಲ್ಲಿ, ಎಡಗಡೆಯದರ ಸೊಂಟಕ್ಕೂ ಬಾರದಷ್ಟು ಎತ್ತರ. ಅದನ್ನು ನೆಡಲು ತೆಗ್ಗು ತೋಡುವಾಗ ಹಳೆಯ ಗಿಡದ ಬುಡದಲ್ಲಿ ಒಂದು ಬೇವಿನ ಸಸಿ ಎದ್ದಿತ್ತು. ಕಾಗೆ ಕೂತು ಉದುರಿಸಿದ ಬೀಜದ್ದಿರಬೇಕು. ಕಸ ಎಂದು ಕಿತ್ತೊಗೆದರು. ಮೊನ್ನೆ ಹೋದಾಗ ನೋಡಿದೆ, ಹೊಸ ವಿದ್ಯಾ ಗಿಡಕ್ಕೆ ಹುಡುಗಿಯೊಬ್ಬಳು ಬಾಟಲಿಯಿಂದ ನೀರು ಹಾಕುತ್ತಿದ್ದಳು. ಅವಳ ಕಾಲ ಹತ್ತಿರ, ಕಟ್ಟೆಯ ಬಿರುಕಿನಲ್ಲಿ, ಬೇವು ಮತ್ತೆ ನಾಲ್ಕು ಎಲೆ ಬಿಟ್ಟಿತ್ತು.